ಬೋಟ್ ನೆಕ್, ಐದನೇ ಸಲ

ನಾನೇ ಹೊಲಿದ ಬ್ಲೌಸಿನ ಕತ್ತು ಕೊನೆಗೂ ಕೂತಿತು! ಬಗ್ಗಿ ನೋಡಿದೆ, ಕೈ ಎತ್ತಿ ನೋಡಿದೆ, ಸೆರಗು ಹಾಕಿಯೂ ನೋಡಿದೆ. ಕತ್ತು ಬಾಯಿ ಬಿಡಲಿಲ್ಲ.

ಹಳೇ ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಫೋಟೋ ಮುಂದಿಟ್ಟುಕೊಂಡು ನನ್ನ ಬೀರು ಸುಧಾರಿಸುವ ಯೋಜನೆ ಇದು. ಆಕೆಯ ಗೌನು ಉಡುಪಿಯ ಸೆಕೆಗೆ ಆಗುವುದಿಲ್ಲ. ನನಗೆ ಬೇಕಾದ್ದು ಆಕೆಯ ಲೆಕ್ಕಾಚಾರ: ಬಣ್ಣ ಕಡಿಮೆ, ಜರಿಗಿರಿ ಇಲ್ಲ, ಕಟ್ ಮಾತ್ರ ಚೊಕ್ಕ. 1953ರಲ್ಲಿ ಮಿಸ್ ಹೆಪ್‌ಬರ್ನ್ ಬರುತ್ತಾರೆ ಅಂದಾಗ ಡಿಸೈನರ್ ಜಿವಾಂಶಿ ಇನ್ನೊಬ್ಬ ನಟಿ ಕ್ಯಾಥರೀನ್ ಹೆಪ್‌ಬರ್ನ್ ಅಂದುಕೊಂಡಿದ್ದರಂತೆ. ಬಂದದ್ದು ಈ ಕಡ್ಡಿ ಹುಡುಗಿ. ಭುಜದಿಂದ ಭುಜಕ್ಕೆ ಸೀದಾ ಹೋಗುವ ಬೋಟ್ ನೆಕ್ ಆಕೆಗೆ ಹಿಡಿಸಿದ್ದು ಕತ್ತಿನ ಬುಡದ ಹೊಂಡ ಮುಚ್ಚುತ್ತದೆ ಅಂತ. ಅದೇ ಹೊಂಡ ನನಗೂ ಉಂಟು. ಹಾಗಾಗಿ ನನ್ನ ಕೈಮಗ್ಗದ ಉಡುಪಿ ಸೀರೆಗಳಿಗೆಲ್ಲ ಆಗುವ ಒಂದೇ ಒಂದು ಕಪ್ಪು ಬ್ಲೌಸ್.

ಅಮ್ಮನ ತಕರಾರು ಬೇರೆ. "ಪಡುಕೋಣೆ ಇಲ್ಲೇ ಕುಂದಾಪುರದ ಆಚೆ. ದೀಪಿಕಾನ ಬಿಟ್ಟು ಬೆಲ್ಜಿಯಂನಲ್ಲಿ ಹುಟ್ಟಿದವಳ ಹಿಂದೆ ಎಂತಕ್ಕೆ ಹೋದೆ ಮಾರಾಯ್ತಿ?"

ಅಳತೆ, ಲೈನಿಂಗ್, ತೋಳು ಎಲ್ಲಾ ಮಾಮೂಲಿ, ಬಿಡಿ. ತಲೆ ತಿಂದದ್ದು ಕತ್ತು. ಸುಮ್ನೆ ನಿಂತರೆ ಸರಿ ಇರುತ್ತದೆ. ಸ್ವಲ್ಪ ಬಗ್ಗಿದರೆ ಸಾಕು, ಎದೆಯಿಂದ ಎದ್ದು ಗೋಣಿಚೀಲದ ಹಾಗೆ ತೆರೆದುಕೊಳ್ಳುತ್ತದೆ. ಮೊದಲ ಮೂರು ಸಲ ಹಳೇ ಬೆಡ್‌ಶೀಟ್ ಬಲಿ. ಭುಜದ ಇಳಿಜಾರು ಜಾಸ್ತಿ ಮಾಡಿದೆ, ತೋಳು ಕೆಟ್ಟಿತು, ಕತ್ತು ಹಾಗೇ. ಅಗಲ ಕಡಿಮೆ ಮಾಡಿದೆ, ಬೋಟ್ ನೆಕ್ ಹೋಗಿ ಶಾಲೆ ಯೂನಿಫಾರ್ಮ್ ಆಯ್ತು.

ನಾಲ್ಕನೇ ಸಲ ಕಪ್ಪು ಬಟ್ಟೆಗೇ ಕತ್ತರಿ ಹಾಕಿದೆ. ಬಿಗಿ ಇರಲಿ ಅಂತ ಕತ್ತಿನ ಪಟ್ಟಿಗೆ ಅಂಟಿಸುವ ಕ್ಯಾನ್ವಾಸ್. ಅಂಗಡಿಯಲ್ಲಿ ತೆಳುವಾದದ್ದು ಕೇಳಿದರೆ ಶರ್ಟ್ ಕಾಲರಿನ ದಪ್ಪದ್ದು ಕೊಟ್ಟು, "ಎಲ್ಲರೂ ಇದನ್ನೇ ತಗೊಂಡು ಹೋಗುವುದು" ಅಂದರು. ಎಲ್ಲರೂ ಯಾರು ಅಂತ ಕೇಳಬೇಕಿತ್ತು. ಒಂದೇ ಒಗೆತಕ್ಕೆ ಕ್ಯಾನ್ವಾಸ್ ಕುಗ್ಗಿತು, ಬಟ್ಟೆ ಕುಗ್ಗಲಿಲ್ಲ. ಕತ್ತಿನ ಸುತ್ತ ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳ! ಮೊದಲೇ ನೆನೆಸಿ ಒಣಗಿಸದೇ ಇದ್ದದ್ದು ನನ್ನ ತಪ್ಪೂ ಹೌದು. ಆದರೆ ಈ ಮಳೆಯಲ್ಲಿ ಒಣಗಿಸುವುದು ಎಲ್ಲಿ?

ಮಳೆ ಅಂದಾಗ ನೆನಪಾಯ್ತು. ಮುಂದಿನದ್ದು ಆಕೆಯ ಆ ಸಪೂರ ಕಪ್ಪು ಪ್ಯಾಂಟ್, ಪಾದದ ಗಂಟಿನ ಮೇಲೆಯೇ ನಿಲ್ಲುವಂಥದ್ದು. ಸ್ಕೂಟರಲ್ಲಿ ಕಲ್ಸಂಕ ದಾಟುವಾಗ ಅಂಚು ಕೆಸರಾಗುವುದಿಲ್ಲ, ಅಲ್ವಾ? ದಪ್ಪ ಕಾಟನ್, ಪಕ್ಕದಲ್ಲಿ ಜಿಪ್. ಬಟ್ಟೆ, ಜಿಪ್ ಎರಡೂ ತಂದಾಗಿದೆ. ಅಮ್ಮನಿಗೆ ಹೇಳಿಲ್ಲ.

ಕತ್ತಿನ ವಿಷಯಕ್ಕೆ ಬರುತ್ತೇನೆ. ಸಿಟ್ಟಲ್ಲಿ, ಎದ್ದು ನಿಂತ ಬಟ್ಟೆಯನ್ನು ಎರಡೂ ಬದಿಯಲ್ಲಿ ಹಿಡಿದು ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿದೆ. ಕೂತೇಬಿಟ್ಟಿತು! ಒಂದೊಂದು ಬದಿಗೆ ಕಾಲಿಂಚು ಮಡಿಕೆ ಒಳಗೆ ಹೋಗಿತ್ತು. ಅಂದರೆ ಕತ್ತಿನ ಗೆರೆಯಲ್ಲೇ ಬಟ್ಟೆ ಜಾಸ್ತಿ. ಕತ್ತಿನ ಎಲುಬಿನ ಕೆಳಗೆ ಮೈ ಒಳಗೆ ಹೋಗಿ, ಆಮೇಲೆ ಎದೆ ಮುಂದೆ ಬರುತ್ತದೆ. ನನ್ನ ಬಟ್ಟೆ ಆ ತಗ್ಗಿಗೆ ಇಳಿಯದೆ ಮೇಲೆಯೇ ಸಂಕ ಹಾಕಿಕೊಂಡಿತ್ತು.

ಪೇಪರ್ ಕಟಿಂಗ್‌ನಲ್ಲಿ ಕತ್ತಿನ ಗೆರೆಯಿಂದ ಎದೆಯ ಪಾಯಿಂಟ್‌ವರೆಗೆ ಒಂದು ಮಡಿಕೆ ಹಾಕಿದೆ. ಮೇಲೆ ಕಾಲಿಂಚು, ಪಾಯಿಂಟ್‌ನಲ್ಲಿ ಸೊನ್ನೆ. ಪೇಪರ್ ಉಬ್ಬಿತು. ಪಕ್ಕದ ಟಕ್ಸಿನ (ಎದೆಯ ಆಕಾರಕ್ಕೆ ಹೊಲಿಯುವ ಚೂಪು ಮಡಿಕೆ) ನಡುಗೆರೆಯನ್ನು ಅದೇ ಪಾಯಿಂಟ್‌ವರೆಗೆ ಕತ್ತರಿಸಿದೆ. ಅದು ತೆರೆದುಕೊಂಡು ಪೇಪರ್ ಚಪ್ಪಟೆಯಾಗಿ ಮಲಗಿತು. ಮೇಲಿನ ಜಾಸ್ತಿಯೆಲ್ಲ ಪಕ್ಕದ ಟಕ್ಸಿಗೆ ಹೋಯ್ತು. ಕತ್ತಿನ ಗೆರೆ ಮತ್ತೆ ತಿದ್ದಿ, ಬಟ್ಟೆ ಕತ್ತರಿಸಿದ ಕೂಡಲೇ, ಬೇರೆ ಎಂತದ್ದೂ ಮುಟ್ಟುವ ಮೊದಲು, ಅಂಚಿಗೆ ಒಂದು ಸಾಲು ಹೊಲಿಗೆ ಓಡಿಸಿದೆ. ಇಲ್ಲದಿದ್ದರೆ ಬಟ್ಟೆಯ ನೂಲಿಗೆ ಓರೆಯಾಗಿ ಕತ್ತರಿಸಿದಲ್ಲಿ ಎಳೆದುಕೊಳ್ಳುತ್ತದೆ. ಕ್ಯಾನ್ವಾಸ್ ಹಾಕಲೇ ಇಲ್ಲ, ಅದೇ ಬಟ್ಟೆಯ ಪಟ್ಟಿ.

ಬೆನ್ನಿನ ಹುಕ್ಕುಗಳನ್ನು ಹಾಕಿಕೊಟ್ಟು ಅಮ್ಮ ಕತ್ತನ್ನು ಸವರಿ ನೋಡಿದರು. "ಚಂದ ಆಯ್ತು. ನಾನು ಊರಲ್ಲಿ ಇಲ್ಲದ ದಿನ ಇದನ್ನು ಹಾಕಿಕೊಡುವವರು ಯಾರು?"

ಪ್ಯಾಂಟಿಗೆ ತಂದ ಜಿಪ್ ಹಿಡಿದುಕೊಂಡು ಕೂತಿದ್ದೇನೆ.