ಯುದ್ಧದಲ್ಲಿ ಹೆಂಗಸರು ಅಂದ್ರೆ ನರ್ಸ್ ತಾನೆ?

ಮೊದಲ ಮಹಾಯುದ್ಧದ ಬಗ್ಗೆ ಎಲ್ಲಿ ಮಾತಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ 1918ರ ಸೆಪ್ಟೆಂಬರ್‌ನಲ್ಲಿ ಈಗಿನ ಇಸ್ರೇಲಿನ ಹೈಫಾ ಊರು ಗೆದ್ದ ಕಥೆ ಹೇಳಿ ಮುಗಿಸಿರುತ್ತೇನೆ. ಯಾರಾದರೂ ಎದ್ದು ಕೇಳುತ್ತಾರೆ: "ಗಂಡಸರದ್ದು ಆಯ್ತು. ಆಗ ಹೆಂಗಸರು ಏನು ಮಾಡ್ತಿದ್ರು? ನರ್ಸ್ ಕೆಲಸ, ಅಲ್ವಾ?"

ನರ್ಸ್ ಕೆಲಸ ಮಾಡಿದವರು ಸಾವಿರಾರು ಮಂದಿ ಇದ್ದರು, ಸುಳ್ಳಲ್ಲ. ಆದರೆ ಅಷ್ಟು ಹೇಳಿ ಸುಮ್ಮನಾಗೋಕೆ ನನಗೆ ಮನಸ್ಸು ಬರುವುದಿಲ್ಲ. ಹಾಗಂತ ಇಡೀ ಯುರೋಪಿನ ಹೆಂಗಸರ ಲೆಕ್ಕ ಒಪ್ಪಿಸೋಕೂ ಆಗಲ್ಲ. ಅದಕ್ಕೇ ಒಂದು ಶಾಲೆ ಹಿಡಿದುಕೊಳ್ಳುತ್ತೇನೆ. ಅಲ್ಲಿ ಓದಿ ಹೋದ ಮೂವರು ಹುಡುಗಿಯರು ಯುದ್ಧ ಬಂದಾಗ ಏನು ಮಾಡಿದರು ಅನ್ನುವುದೇ ನನ್ನ ಉತ್ತರ.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರ್ಯೂಸ್ ಅಂತ ಒಂದು ಊರಿದೆ. ಗಾಲ್ಫ್ ನೋಡುವವರಿಗೆ ಹೆಸರು ಗೊತ್ತಿರುತ್ತದೆ. ಅಲ್ಲಿ ಸಮುದ್ರದ ಪಕ್ಕ, ಪಾಳುಬಿದ್ದ ದೊಡ್ಡ ಚರ್ಚಿನ ಹತ್ತಿರ ಸೇಂಟ್ ಲೆನರ್ಡ್ಸ್ ಶಾಲೆ ಇದೆ. ಶುರುವಾಗಿದ್ದು 1877ರಲ್ಲಿ, ಅಂದರೆ ನಮ್ಮ ಮೈಸೂರಿನ ಮಹಾರಾಣಿ ಶಾಲೆಗಿಂತ ನಾಲ್ಕು ವರ್ಷ ಮೊದಲು. ಮೊದಲ ಹೆಡ್‌ಮಿಸ್ ಲೂಯಿಸಾ ಲಮ್ಸ್‌ಡೆನ್. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನ ಮೊದಲ ಬ್ಯಾಚಿನ ಐದೇ ಐದು ಹುಡುಗಿಯರಲ್ಲಿ ಅವರೊಬ್ಬರು. ಅವರ ನಂತರ ಬಂದವರು ಫ್ರಾನ್ಸಿಸ್ ಡವ್.

ಆ ಕಾಲದಲ್ಲಿ, ಜಾಸ್ತಿ ಓದಿದರೆ ಹೆಣ್ಣುಮಕ್ಕಳ ಮೈ ಕೆಡುತ್ತದೆ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಬರೆಯುತ್ತಿದ್ದರು. ಈ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಗಣಿತ ಕಲಿಸಿದರು. ಸಾಲದ್ದಕ್ಕೆ ಮೈದಾನಕ್ಕೂ ಇಳಿಸಿದರು. 1890ರಲ್ಲಿ ಲಾಕ್ರಾಸ್ ಆಟವನ್ನೂ ತಂದರು. ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು ಎಸೆಯುತ್ತಾ ಓಡುವ ಆಟ ಅದು. ನೆಲ ಮುಟ್ಟುವ ಲಂಗ ಉಟ್ಟು ಮನೆಯಲ್ಲಿ ಕೂತು ಕಸೂತಿ ಹಾಕಬೇಕಾದವರು ಕೋಲು ಹಿಡಿದು ಓಡುವುದನ್ನು ನೋಡಿ ಊರಿನವರು ಏನಂದುಕೊಂಡರೋ!

ಒಂದು ಮಾತು ಮರೆಯಬಾರದು. ಇದು ಉಳ್ಳವರ ಶಾಲೆ. ಫೀಸು ಕಟ್ಟುವ ಶಕ್ತಿ ಇದ್ದವರ ಮಕ್ಕಳೇ ಅಲ್ಲಿ ಓದಿದ್ದು. ಮುಂದೆ ಇವರು ಸರ್ಕಾರಕ್ಕೇ ಎದುರು ನಿಂತಾಗ ಹಿಂದೆ ಹಣ ಇತ್ತು, ಬಂಧುಬಳಗದ ಬಲ ಇತ್ತು. ಕಾರ್ಖಾನೆಯಲ್ಲಿ ಮದ್ದುಗುಂಡು ತುಂಬುತ್ತಿದ್ದ ಹುಡುಗಿಗೆ ಇದ್ಯಾವುದೂ ಇರಲಿಲ್ಲ.

ಮೂವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಕ್ರಿಸ್ಟಲ್ ಮ್ಯಾಕ್‌ಮಿಲನ್ ಮತ್ತು ಮೋನಾ ಚಾಮರ್ಸ್ ವಾಟ್ಸನ್ ಹುಟ್ಟಿದ್ದು 1872ರಲ್ಲಿ, ಲೂಯಿಸಾ ಗ್ಯಾರೆಟ್ ಆಂಡರ್ಸನ್ 1873ರಲ್ಲಿ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಮೂವರಿಗೂ ನಲವತ್ತು ದಾಟಿತ್ತು. ಹುಮ್ಮಸ್ಸಿನಲ್ಲಿ ಹಾರಿ ಬೀಳುವ ವಯಸ್ಸಲ್ಲ.

ಮೊದಲು ಲೂಯಿಸಾ ಗ್ಯಾರೆಟ್ ಆಂಡರ್ಸನ್. ಅವರ ತಾಯಿ ಎಲಿಜಬೆತ್ 1865ರಲ್ಲೇ ಬ್ರಿಟನ್ನಿನಲ್ಲಿ ಡಾಕ್ಟರಾಗಿ ಅರ್ಹತೆ ಪಡೆದವರು, ಹೆಂಗಸರಿಗೆ ಆ ಬಾಗಿಲು ತೆರೆದವರು. ಮಗಳು ಸರ್ಜನ್ ಆದರು. ಆದರೆ ಹೆಣ್ಣು ಡಾಕ್ಟರುಗಳು ನೋಡಬೇಕಾದ್ದು ಹೆಂಗಸರನ್ನು, ಮಕ್ಕಳನ್ನು ಮಾತ್ರ. ಗಂಡಸರ ಆಸ್ಪತ್ರೆಗಳು ಇವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಇದರ ಜೊತೆ ಲೂಯಿಸಾ ಮತದಾನದ ಹಕ್ಕಿಗಾಗಿ ಬೀದಿಗಿಳಿದಿದ್ದರು. 1912ರಲ್ಲಿ ಒಂದು ಕಿಟಕಿಯ ಗಾಜು ಒಡೆದು ಹಾಲೊವೇ ಜೈಲಿಗೂ ಹೋಗಿ ಬಂದಿದ್ದರು. ಅವರ ಗೆಳತಿ ಡಾಕ್ಟರ್ ಫ್ಲೋರಾ ಮರ್ರೆ, ಉಪವಾಸ ಮಾಡಿ ಜೈಲಿನಿಂದ ಹೊರಬರುತ್ತಿದ್ದ ಹೋರಾಟಗಾರ್ತಿಯರಿಗೆ ಚಿಕಿತ್ಸೆ ಕೊಡುತ್ತಿದ್ದವರು.

ಯುದ್ಧ ಶುರುವಾದ ಕೂಡಲೇ ಇಬ್ಬರೂ ಸೇರಿ ಹೆಂಗಸರದ್ದೇ ಒಂದು ಆಸ್ಪತ್ರೆ ತಂಡ ಕಟ್ಟಿದರು. ತಮ್ಮ ಸರ್ಕಾರದ ಬಾಗಿಲು ತಟ್ಟಲೇ ಇಲ್ಲ. ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಎಡಿನ್‌ಬರೋದ ಡಾಕ್ಟರ್ ಎಲ್ಸಿ ಇಂಗ್ಲಿಸ್ ಇದೇ ಥರ ಕೇಳಿದ್ದಕ್ಕೆ "ಮನೆಗೆ ಹೋಗಿ ಸುಮ್ನೆ ಕೂತ್ಕೊಳ್ಳಿ ತಾಯಿ" ಅನ್ನುವ ಅರ್ಥದ ಉತ್ತರ ಸಿಕ್ಕಿತ್ತು. ಹಾಗಾಗಿ ಲೂಯಿಸಾ, ಫ್ಲೋರಾ ನೇರ ಫ್ರೆಂಚರ ರೆಡ್‌ಕ್ರಾಸ್ ಬಳಿ ಹೋದರು. ಫ್ರೆಂಚರು ಬನ್ನಿ ಅಂದರು. 1914ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಇವರಿಗೆ ಸಿಕ್ಕಿದ್ದು ಕ್ಲಾರಿಜ್ ಅನ್ನೋ ಐಷಾರಾಮಿ ಹೋಟೆಲು. ಇನ್ನೂ ಪೂರ್ತಿ ಕಟ್ಟಿ ಮುಗಿದಿರಲಿಲ್ಲ. ಮೇಲೆ ಗಾಜಿನ ದೀಪದ ಗೊಂಚಲು, ಕೆಳಗೆ ಅಮೃತಶಿಲೆ, ನಡುವೆ ಕೀವು ತುಂಬಿದ ಗಾಯಗಳ ಸೈನಿಕರು. ಹೆಂಗಸರು ಕೋಟು ಬಿಚ್ಚಿಟ್ಟು ಕೈತೊಳೆಯಲು ಮಾಡಿದ್ದ ಕೋಣೆಯೇ ಆಪರೇಷನ್ ಥಿಯೇಟರ್ ಆಯಿತು.

ಕೆಲಸದ ಸುದ್ದಿ ಲಂಡನ್ನಿಗೆ ಮುಟ್ಟಿತು. 1915ರಲ್ಲಿ ಸೈನ್ಯದ ವೈದ್ಯಕೀಯ ವಿಭಾಗದ ಮುಖ್ಯಸ್ಥ ಸರ್ ಆಲ್‌ಫ್ರೆಡ್ ಕಿಯೋ ತಾವೇ ಕರೆದು ಲಂಡನ್ನಿನಲ್ಲಿ ಒಂದು ಮಿಲಿಟರಿ ಆಸ್ಪತ್ರೆ ನಡೆಸಿಕೊಡಿ ಅಂದರು. ಮೂರು ವರ್ಷದ ಹಿಂದೆ ಜೈಲಿಗೆ ಹಾಕಿದ್ದ ಅದೇ ಸರ್ಕಾರ! ಕೊಟ್ಟ ಜಾಗ ಎಂಡೆಲ್ ಸ್ಟ್ರೀಟ್‌ನ ಒಂದು ಹಳೆಯ ಕಟ್ಟಡ. ಗತಿಗೆಟ್ಟ ಬಡವರನ್ನು ಇಟ್ಟು ದುಡಿಸಿಕೊಳ್ಳುತ್ತಿದ್ದ ಜಾಗ ಅದು. 573 ಹಾಸಿಗೆ. ಫ್ಲೋರಾ ಆಸ್ಪತ್ರೆಯ ಮುಖ್ಯಸ್ಥೆ, ಲೂಯಿಸಾ ಮುಖ್ಯ ಸರ್ಜನ್. ಕಣ್ಣು, ಹಲ್ಲು, ಎಕ್ಸ್‌ರೇ, ಲ್ಯಾಬು, ಎಲ್ಲಕ್ಕೂ ಹೆಂಗಸರೇ. ಆರು ತಿಂಗಳೂ ನಡೆಯಲ್ಲ ಅಂತ ಸೈನ್ಯದ ಕಚೇರಿಯಲ್ಲಿ ಭವಿಷ್ಯ ಹೇಳಿದವರಿದ್ದರು.

ಗಾಯಾಳುಗಳು ಬರುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಫ್ರಾನ್ಸಿನಿಂದ ಹಡಗಲ್ಲಿ, ಆಮೇಲೆ ರೈಲಲ್ಲಿ, ಆಮೇಲೆ ಆಂಬ್ಯುಲೆನ್ಸಲ್ಲಿ. ಅಂಗಳದ ಗಂಟೆ ಹೊಡೆದರೆ ಹುಡುಗಿಯರು ಹಾಸಿಗೆಯಿಂದೆದ್ದು ಓಡಿ ಬಂದು ಸ್ಟ್ರೆಚರ್‌ಗಳನ್ನು ಇಳಿಸಬೇಕು. ಕಂದಕದ ಕೆಸರು ಮೈಮೇಲೆ ಹಾಗೇ ಒಣಗಿರುತ್ತಿತ್ತು. ಆಗ ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಗಾಯಕ್ಕೆ ಕೆಸರು ಸೇರಿದರೆ ಒಳಗೇ ಕೊಳೆತು ಹೋಗುತ್ತಿತ್ತು. ದಿನಾ ಡ್ರೆಸ್ಸಿಂಗ್ ಬಿಚ್ಚಿ, ತೊಳೆದು, ಮತ್ತೆ ಕಟ್ಟಬೇಕು. ಸೈನಿಕರಿಗೆ ಗುಂಡೇಟಿಗಿಂತ ಈ ಡ್ರೆಸ್ಸಿಂಗ್ ಹೊತ್ತು ಬಂತೆಂದರೇ ಭಯ. ಬಿಸ್ಮತ್, ಅಯಡೊಫಾರ್ಮ್, ಪ್ಯಾರಾಫಿನ್ ಬೆರೆಸಿದ ಒಂದು ಮುಲಾಮನ್ನು ರದರ್‌ಫರ್ಡ್ ಮಾರಿಸನ್ ಅನ್ನೋ ಸರ್ಜನ್ ಕಂಡುಹಿಡಿದಿದ್ದರು. ಲೂಯಿಸಾ ಅದನ್ನು ತಮ್ಮ ಆಸ್ಪತ್ರೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿ ನೋಡಿದರು. ಗಾಯ ಚೊಕ್ಕ ಮಾಡಿ ಇದನ್ನು ಹಚ್ಚಿ ಕಟ್ಟಿದರೆ ದಿನಗಟ್ಟಲೆ ಬಿಚ್ಚಬೇಕಾಗಿರಲಿಲ್ಲ. ರೋಗಿಗೂ ನಿದ್ದೆ, ನರ್ಸಿಗೂ ಉಸಿರು.

ನನಗೆ ಈ ಆಸ್ಪತ್ರೆಯಲ್ಲಿ ತುಂಬ ಇಷ್ಟವಾಗುವುದು ಅದರ ಲೈಬ್ರರಿ. ಒಬ್ಬ ನಟಿ, ಒಬ್ಬ ಕಾದಂಬರಿಗಾರ್ತಿ ಸೇರಿ ನಡೆಸುತ್ತಿದ್ದರು. ಓದಿ ಉದ್ಧಾರವಾಗಲಿ ಅಂತ ಒಳ್ಳೊಳ್ಳೆ ಪುಸ್ತಕ ತಂದು ತುಂಬುವುದು ಸುಲಭ. ಇವರು ಹಾಗೆ ಮಾಡಲಿಲ್ಲ. ಹಾಸಿಗೆ ಹಾಸಿಗೆಗೂ ಹೋಗಿ ನಿಮಗೇನು ಬೇಕಪ್ಪ ಅಂತ ಕೇಳಿದರು. ಕುದುರೆ ರೇಸಿನ ಕಾದಂಬರಿ ಬೇಕು ಅಂದವರಿಗೆ ಅದೇ ಸಿಕ್ಕಿತು. ಯಂತ್ರದ ಕೆಲಸದವನಿಗೆ ಯಂತ್ರದ ಪತ್ರಿಕೆ.

1919ರ ಕೊನೆಗೆ ಆಸ್ಪತ್ರೆ ಮುಚ್ಚುವ ಹೊತ್ತಿಗೆ ಸುಮಾರು 26,000 ಮಂದಿಗೆ ಅಲ್ಲಿ ಚಿಕಿತ್ಸೆ ಆಗಿತ್ತು. ಏಳು ಸಾವಿರಕ್ಕೂ ಜಾಸ್ತಿ ಆಪರೇಷನ್. ಆಮೇಲೆ? ಯುದ್ಧದ ಕಾಲದಲ್ಲಿ ಹುಡುಗಿಯರನ್ನು ಸೇರಿಸಿಕೊಂಡಿದ್ದ ಲಂಡನ್ನಿನ ಮೆಡಿಕಲ್ ಕಾಲೇಜುಗಳಲ್ಲಿ ಹಲವು 1920ರ ದಶಕದಲ್ಲಿ ಮತ್ತೆ ಬಾಗಿಲು ಹಾಕಿಕೊಂಡವು. ಗಂಡಸರ ಕಾಲು ಉಳಿಸಿದ ಡಾಕ್ಟರುಗಳು ವಾಪಸ್ ಹೆಂಗಸರ, ಮಕ್ಕಳ ಆಸ್ಪತ್ರೆಗೇ ಹೋಗಬೇಕಾಯಿತು. ಕೆಲಸ ಬಂದಾಗ ಕರೆದು, ಕೆಲಸ ಮುಗಿದ ಮೇಲೆ ಕಳಿಸೋದು ಅಂದರೆ ಇದೇ.

ಎರಡನೆಯವರು ಮೋನಾ ಚಾಮರ್ಸ್ ವಾಟ್ಸನ್. ಹುಟ್ಟಿದ್ದು ಭಾರತದಲ್ಲಿ, ಓದಿದ್ದು ಸೇಂಟ್ ಲೆನರ್ಡ್ಸ್‌ನಲ್ಲಿ. ಇವರೂ ಡಾಕ್ಟರೇ. ಎಡಿನ್‌ಬರೋ ವಿಶ್ವವಿದ್ಯಾಲಯ ಎಂ.ಡಿ. ಪದವಿ ಕೊಟ್ಟ ಮೊದಲ ಹೆಣ್ಣು. ಆದರೆ ಯುದ್ಧದಲ್ಲಿ ಅವರು ಮಾಡಿದ್ದು ಬೇರೆಯೇ ಕೆಲಸ. 1917ರಲ್ಲಿ ಬ್ರಿಟನ್ನಿಗೆ ಗಂಡಾಳುಗಳು ಸಾಲದಾದರು. ಅಡುಗೆಮನೆಯಲ್ಲಿ, ಕಚೇರಿಯಲ್ಲಿ ಇದ್ದ ಸೈನಿಕರನ್ನು ಮುಂಚೂಣಿಗೆ ಕಳಿಸಿ ಆ ಜಾಗಕ್ಕೆ ಹೆಂಗಸರನ್ನು ತರೋಣ ಅಂತ ಯೋಚನೆ ಬಂತು. ಸೈನ್ಯಕ್ಕೆ ಆಳು ಸೇರಿಸುವ ವಿಭಾಗದ ಮುಖ್ಯಸ್ಥರಾಗಿದ್ದದ್ದು ಮೋನಾ ಅವರ ತಮ್ಮ ಆಕ್ಲೆಂಡ್ ಗೆಡ್ಡಿಸ್. ಹೆಂಗಸರ ಸೈನ್ಯದ ಪಡೆಗೆ ಮೋನಾ ಮೊದಲ ಮುಖ್ಯಸ್ಥೆಯಾದರು. ಬಂಧುಬಳಗದ ಬಲ ಅಂದೆನಲ್ಲ, ಇಲ್ಲೇ ನೋಡಿ.

ಈ ಪಡೆಯನ್ನು ಸೈನ್ಯ ಅಂತ ಒಪ್ಪಿಕೊಳ್ಳೋಕೆ ಸೈನ್ಯಕ್ಕೇ ಮುಜುಗರ. ಖಾಕಿ ಬಟ್ಟೆ ಕೊಟ್ಟರು, ಆದರೆ ಕ್ಯಾಪ್ಟನ್, ಮೇಜರ್ ಅನ್ನೋ ಹೆಸರು ಕೊಡಲಿಲ್ಲ. ಮೇಲಿನವರಿಗೆ ಕಂಟ್ರೋಲರ್, ಅಡ್ಮಿನಿಸ್ಟ್ರೇಟರ್ ಅಂತ, ಕೆಳಗಿನವರಿಗೆ ಬರೀ ವರ್ಕರ್ ಅಂತ. ಹೆಗಲ ಮೇಲೆ ಸೈನ್ಯದ ಚಿಹ್ನೆಗಳ ಬದಲು ಹೂವು. ಗಂಡಸು ಮಾಡುತ್ತಿದ್ದ ಕೆಲಸಕ್ಕೆ ಗಂಡಸಿನ ಸಂಬಳವೇ ಕೊಡಿ ಅಂತ ಮೋನಾ ವಾದ ಮಾಡಿದರು, ನಡೆಯಲಿಲ್ಲ. ಹುಡುಗಿಯರು ಫ್ರಾನ್ಸಿಗೆ ಹೋದದ್ದೇ ತಡ, ಊರಲ್ಲಿ ಗುಸುಗುಸು ಶುರು. ಅಲ್ಲಿ ಹಾಗಂತೆ, ಹೀಗಂತೆ. 1918ರಲ್ಲಿ ಸರ್ಕಾರ ಒಂದು ತಂಡ ಕಳಿಸಿ ವಿಚಾರಣೆ ಮಾಡಿಸಿತು. ಆ ಮಾತಿಗೆಲ್ಲ ಬುಡವೇ ಇಲ್ಲ ಅಂತ ವರದಿ ಬಂತು. ಅದೇ ವರ್ಷ ಮೇ ಕೊನೆಯಲ್ಲಿ ಆಬ್‌ವಿಲ್ ಊರಿನ ಹತ್ತಿರ ಅವರು ಅಡಗಿದ್ದ ಕಂದಕದ ಮೇಲೆ ವಿಮಾನದಿಂದ ಬಾಂಬು ಬಿದ್ದು ಈ ಪಡೆಯ ಒಂಬತ್ತು ಮಂದಿ ಸತ್ತರು. ಅಷ್ಟರಲ್ಲಿ ಮೋನಾ ಹುದ್ದೆ ಬಿಟ್ಟಾಗಿತ್ತು. ಮಗನಿಗೆ ಹುಷಾರಿಲ್ಲದೆ ವಾಪಸಾಗಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಪಡೆಯಲ್ಲಿ ದುಡಿದವರು ಒಟ್ಟು 57,000.

ಈ ಇಬ್ಬರ ಕಥೆ ಹೇಳಿದರೆ ಜನ ತಲೆದೂಗುತ್ತಾರೆ. ಮೂರನೆಯವರಿಗೆ ಬಂದಾಗ ಸ್ವಲ್ಪ ಗೊಂದಲ. ಯಾಕೆಂದರೆ ಕ್ರಿಸ್ಟಲ್ ಮ್ಯಾಕ್‌ಮಿಲನ್ ಯುದ್ಧಕ್ಕೆ ಕೈಜೋಡಿಸಲೇ ಇಲ್ಲ. ಅದನ್ನು ನಿಲ್ಲಿಸೋಕೆ ಓಡಾಡಿದರು.

ಎಡಿನ್‌ಬರೋದಲ್ಲಿ ವಿಜ್ಞಾನದ ಪದವಿ ಪಡೆದ ಮೊದಲ ಹೆಣ್ಣು ಇವರು. ಪದವೀಧರರಿಗೆ ಇದ್ದ ಮತದಾನದ ಹಕ್ಕು ನಮಗೂ ಬೇಕು ಅಂತ ಕೇಸು ಹಾಕಿ, 1908ರಲ್ಲಿ, ಆಗ ಬ್ರಿಟನ್ನಿನ ಕೊನೆಯ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ತಾವೇ ನಿಂತು ವಾದಿಸಿದವರು. ಸೋತರು, ಅದು ಬೇರೆ ಮಾತು. 1915ರ ಏಪ್ರಿಲ್‌ನಲ್ಲಿ, ಇನ್ನೇನು ಎಂಡೆಲ್ ಸ್ಟ್ರೀಟ್ ಆಸ್ಪತ್ರೆ ಬಾಗಿಲು ತೆರೆಯಬೇಕು ಅನ್ನೋ ಹೊತ್ತಲ್ಲಿ, ನೆದರ್‌ಲೆಂಡ್ಸ್‌ನ ಹೇಗ್‌ನಲ್ಲಿ ಹೆಂಗಸರ ಶಾಂತಿ ಸಮ್ಮೇಳನ ಸೇರಿತು. 12 ದೇಶಗಳಿಂದ 1,100ಕ್ಕೂ ಹೆಚ್ಚು ಮಂದಿ. ಜರ್ಮನಿಯವರೂ ಇದ್ದರು, ಬೆಲ್ಜಿಯಂನವರೂ ಇದ್ದರು. ಬ್ರಿಟನ್ನಿನಿಂದ ಹೊರಡಲು ಸಿದ್ಧರಾಗಿದ್ದವರು ಸುಮಾರು 180 ಮಂದಿ. ಸರ್ಕಾರ ಮೊದಲು ಪಾಸ್‌ಪೋರ್ಟಿಗೆ ಕತ್ತರಿ ಹಾಕಿತು. ಆಮೇಲೆ ಉತ್ತರ ಸಮುದ್ರದಲ್ಲಿ ಹಡಗು ಸಂಚಾರವನ್ನೇ ನಿಲ್ಲಿಸಿತು. ಮುಟ್ಟಿದವರು ಮೂರೇ ಮಂದಿ. ಮೊದಲೇ ಅಲ್ಲಿಗೆ ಹೋಗಿದ್ದ ಕ್ರಿಸ್ಟಲ್ ಅದರಲ್ಲೊಬ್ಬರು.

ಸಮ್ಮೇಳನದ ನಿರ್ಣಯ ಬರೆಯೋದರಲ್ಲಿ ಅವರ ಕೈ ದೊಡ್ಡದು. ಬರೆದು ಮನೆಗೆ ಹೋಗಲಿಲ್ಲ. ಯುದ್ಧಕ್ಕಿಳಿಯದ ದೇಶಗಳು ಮಧ್ಯೆ ಬಂದು ಮಾತುಕತೆ ಮಾಡಿಸಲಿ ಅಂತ ಕೇಳಲು ಸ್ಕ್ಯಾಂಡಿನೇವಿಯಾಕ್ಕೆ, ಅಲ್ಲಿಂದ ರಷ್ಯಾಕ್ಕೆ ಹೋಗಿ ಮಂತ್ರಿಗಳನ್ನು ಕಂಡರು. ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು, ಮೊದಲ ಹೆಜ್ಜೆ ಇಡೋಕೆ ಯಾರೂ ತಯಾರಿರಲಿಲ್ಲ. 1919ರಲ್ಲಿ ಜೂರಿಕ್‌ನಲ್ಲಿ ಮತ್ತೆ ಸೇರಿದರು. ವರ್ಸೈಲ್ಸ್ ಒಪ್ಪಂದದ ಷರತ್ತು ನೋಡಿ, ಇದು ಇನ್ನೊಂದು ಯುದ್ಧದ ಬೀಜ ಅಂತ ಆಗಲೇ ಹೇಳಿದರು. ಆ ನಿರ್ಣಯವನ್ನು, ಒಪ್ಪಂದದ ಮಾತುಕತೆ ನಡೆಯುತ್ತಿದ್ದ ಪ್ಯಾರಿಸ್‌ಗೆ ಒಯ್ದವರಲ್ಲಿ ಕ್ರಿಸ್ಟಲ್ ಒಬ್ಬರು.

ಇಲ್ಲಿಗೆ ಬಂದಾಗ ಎರಡನೇ ಪ್ರಶ್ನೆ ಬೀಳುತ್ತದೆ: "ಹಾಗಾದ್ರೆ ಮೂವರಲ್ಲಿ ಸರಿ ಯಾರು?" ನನಗೆ ಕ್ರಿಸ್ಟಲ್ ಕಡೆ ವಾಲು ಜಾಸ್ತಿ, ಮುಚ್ಚುಮರೆ ಇಲ್ಲ. ಗಾಯ ಕಟ್ಟುವವರಿಗೆ ಕೊನೆಗೆ ಸರ್ಕಾರವೇ ಬಿಲ್ಲೆ ಕೊಟ್ಟಿತು, ಲೂಯಿಸಾ, ಮೋನಾ ಇಬ್ಬರಿಗೂ ಸಿ.ಬಿ.ಇ. ಗೌರವ ಬಂತು. ಗಾಯವೇ ಆಗದಿರಲಿ ಅಂದವರಿಗೆ ಬೈಗುಳ. ಹಾಗಂತ 1915ರ ಒಂದು ರಾತ್ರಿ ಕಾಲು ಕೊಳೆಯುತ್ತಾ ಅಂಗಳದಲ್ಲಿ ಮಲಗಿದ್ದವನಿಗೆ ಬೇಕಾಗಿದ್ದದ್ದು ಹೇಗ್‌ನ ನಿರ್ಣಯ ಅಲ್ಲ, ಲೂಯಿಸಾ ಕೈ. ಒಂದೇ ಶಾಲೆಯಲ್ಲಿ ಅದೇ ಪಾಠ ಕಲಿತು ಮೂವರು ಮೂರು ದಾರಿ ಹಿಡಿದರಲ್ಲ, ನನ್ನ ಕುತೂಹಲ ಇರೋದು ಅದರಲ್ಲಿ. ಆ ಶಾಲೆ ಇವರಿಗೆ ಇದೇ ಸರಿ ಅಂತ ಒಂದನ್ನು ತಲೆಗೆ ತುಂಬಿ ಕಳಿಸಿರಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಕೆಲಸಕ್ಕೆ ಕೈಹಾಕೋದು ಮಾತ್ರ ಮೂವರಲ್ಲೂ ಇತ್ತು.

ಕ್ರಿಸ್ಟಲ್ ಯುದ್ಧ ಮುಗಿದ ಮೇಲೆ ಕಾನೂನು ಓದಿ 1924ರಲ್ಲಿ ವಕೀಲರಾದರು. ಅವರು ಹಿಡಿದುಕೊಂಡ ವಿಷಯವೂ ಯುದ್ಧ ಬಿಟ್ಟುಹೋದದ್ದೇ. ಬ್ರಿಟಿಷ್ ಹೆಣ್ಣು ಜರ್ಮನ್ ಗಂಡನ್ನು ಮದುವೆಯಾದರೆ ಕಾನೂನಿನ ಲೆಕ್ಕದಲ್ಲಿ ಅವಳೂ ಜರ್ಮನ್. 1914ರಲ್ಲಿ ಅಂಥ ಹೆಂಗಸರು ತಾವು ಹುಟ್ಟಿ ಬೆಳೆದ ಊರಲ್ಲೇ ಶತ್ರು ದೇಶದವರಾಗಿಬಿಟ್ಟಿದ್ದರು. ಪೊಲೀಸರ ಹತ್ತಿರ ಹೋಗಿ ಹೆಸರು ಬರೆಸಬೇಕಿತ್ತು. ಮದುವೆಯಾದರೂ ಹೆಣ್ಣಿನ ಪೌರತ್ವ ಅವಳದ್ದೇ ಆಗಿರಲಿ ಅಂತ ಕ್ರಿಸ್ಟಲ್ ಸಾಯೋವರೆಗೂ ಗುದ್ದಾಡಿದರು. ಅವರು ತೀರಿಕೊಂಡಿದ್ದು 1937ರಲ್ಲಿ. ಬ್ರಿಟನ್ ಆ ಕಾನೂನನ್ನು ಪೂರ್ತಿ ಬದಲಿಸಿದ್ದು 1948ರಲ್ಲಿ. ಅಷ್ಟರಲ್ಲಿ ಎರಡನೇ ಯುದ್ಧವೂ ಆಗಿ, ಇನ್ನೊಂದಷ್ಟು ಹೆಂಗಸರು ಅದೇ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿದ್ದಾಗಿತ್ತು.