ಹಿರಿಯರ ಹಬ್ಬದಲ್ಲಿ ಕಿರಿಯವನ ಎಡೆ

ಮಂಡ್ಯ, ಮೈಸೂರು, ಹಾಸನ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಅಂತಲೇ ಹೆಸರು. ಅಜ್ಜ, ಅಜ್ಜಿ, ಮುತ್ತಜ್ಜಂದಿರಿಗೆ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವ ಹಬ್ಬ. ಆ ಪಟಗಳ ಸಾಲಿನಲ್ಲಿ ಇಪ್ಪತ್ತೆರಡು ವರ್ಷದ ಮಗನ ಪಟವೂ ಇದ್ದರೆ ಹಬ್ಬದ ಹೆಸರೇ ಬಾಯಿಗೆ ಬರುವುದಿಲ್ಲ. ಆದರೂ ಎಡೆ ಇಡಬೇಕು. ಅವನಿಗೆ ಇಷ್ಟವಾದ್ದನ್ನು ಅವನ ಹೆಸರು ಹೇಳಿ ಬಡಿಸುವ ದಿನ ಇದು. ಊರಲ್ಲಾದರೆ ಹತ್ತು ಕೈ ಸೇರಿ ಮಾಡುವ ಕೆಲಸವನ್ನು ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ದುಬೈಯಲ್ಲೋ ಇಬ್ಬರೇ ಮಾಡಬೇಕಾಗುತ್ತದೆ, ಅದೂ ಕೈಕಾಲು ಆಡದ ದುಃಖದಲ್ಲಿ. ಅದಕ್ಕೇ ಇಷ್ಟು ಬಿಡಿಸಿ ಬರೆದಿದೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ತೀರಿಕೊಂಡು ವರ್ಷ ತುಂಬದಿದ್ದರೆ ಎಷ್ಟೋ ಮನೆಗಳಲ್ಲಿ ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಅಪಘಾತದಲ್ಲಿ ಹೋದವರಿಗೆ ಹಿಂದಿನ ದಿನ, ಘಾತ ಚತುರ್ದಶಿಯಂದು, ಮಾಡುವ ಮನೆತನಗಳೂ ಇವೆ. ಈ ಎರಡು ವಿಷಯ ಊರಿಗೆ ಫೋನ್ ಮಾಡಿ ಕೇಳಿಯೇ ನಿಶ್ಚಯಿಸಬೇಕು. ಆಮೇಲೆ ತಿಥಿ. ಗೋಡೆ ಕ್ಯಾಲೆಂಡರಿನ ತಾರೀಖು ಊರಿನ ಗಡಿಯಾರಕ್ಕೆ ಹೇಳಿದ್ದು. 2026ರಲ್ಲಿ ಅಮಾವಾಸ್ಯೆ ಊರಿನ ಲೆಕ್ಕಕ್ಕೆ ಅಕ್ಟೋಬರ್ 9ರ ರಾತ್ರಿ ಸುಮಾರು ಒಂಬತ್ತೂವರೆಗೆ ಹಿಡಿದು 10ರ ಶನಿವಾರ ರಾತ್ರಿ 9.20ರ ಹೊತ್ತಿಗೆ ಬಿಡುತ್ತದೆ. ನ್ಯೂಯಾರ್ಕಿನಲ್ಲಿ ಅದೇ ಹೊತ್ತು ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಶನಿವಾರ ಬೆಳಿಗ್ಗೆ 11.50ರವರೆಗೆ, ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಶನಿವಾರ 8.50ರವರೆಗೆ. ಶನಿವಾರ ಸೂರ್ಯ ಹುಟ್ಟುವಾಗ ಅಮಾವಾಸ್ಯೆ ಇದೆಯಲ್ಲ ಎಂದು ಶನಿವಾರವೇ ಮಾಡುವವರಿದ್ದಾರೆ. ಆದರೆ ಪಿತೃಕಾರ್ಯಕ್ಕೆ ಅಪರಾಹ್ನದ ತಿಥಿ ಮುಖ್ಯ. ಅಮೆರಿಕದಲ್ಲಿ ಶುಕ್ರವಾರ ಮಧ್ಯಾಹ್ನವೇ ಸರಿ ಎಂಬುದು ನಮ್ಮ ಅಭಿಪ್ರಾಯ. ಲಂಡನ್ನಿನಲ್ಲಿ ಶನಿವಾರ 4.50ಕ್ಕೆ ಬಿಡುತ್ತದೆ, ಸಂಜೆಗೆ ಕಾಯದೆ ಮಧ್ಯಾಹ್ನವೇ ಇಡಿ. ದುಬೈ, ಸಿಡ್ನಿಯವರಿಗೆ ಶನಿವಾರ ಹಗಲೆಲ್ಲ ಇದೆ. ರಜೆ ಸಿಗದಿದ್ದರೆ ತಿಥಿಯ ದಿನ ಚಿಕ್ಕದಾಗಿ ಎಡೆ ಇಟ್ಟು, ಸ್ನೇಹಿತರನ್ನು ಮರುದಿನ ಊಟಕ್ಕೆ ಕರೆಯಬಹುದು.

ಪಟದ ಕೆಲಸ ಹದಿನೈದು ದಿನ ಮುಂಚೆಯೇ ಮುಗಿಯಲಿ. ಹುಡುಗರ ಫೋಟೋಗಳೆಲ್ಲ ಗುಂಪಿನಲ್ಲಿ ತೆಗೆದವೇ. ವಾಟ್ಸಾಪಿನಲ್ಲಿ ಬಂದ ಚಿತ್ರದಿಂದ ಮುಖ ಕತ್ತರಿಸಿ ದೊಡ್ಡದು ಮಾಡಿದರೆ ಕಣ್ಣು ಮಸುಕಾಗುತ್ತದೆ. ಎಂಟು ಇಂಚು ಅಗಲ, ಹತ್ತು ಇಂಚು ಎತ್ತರದ ಪಟ ಚೊಕ್ಕವಾಗಿ ಬರಲು 2400ಕ್ಕೆ 3000 ಪಿಕ್ಸೆಲ್ ಬೇಕು. ಅಷ್ಟು ಸಿಗದಿದ್ದರೆ ಐದಕ್ಕೆ ಏಳು ಇಂಚಿನ ಪಟ ಸಾಕು. ತೆಗೆದವರ ಫೋನಿನಲ್ಲಿರುವ ಮೂಲ ಚಿತ್ರವನ್ನೇ ಕೇಳಿ ತರಿಸಿಕೊಳ್ಳಿ. ಕೇಳಿದಾಗ ಅವನ ಗೆಳೆಯರು ಒಂದರ ಬದಲು ನಲವತ್ತು ಕಳಿಸುತ್ತಾರೆ. ಹೆತ್ತವರು ಕಂಡಿರದ ಅವನ ಎಷ್ಟೋ ನಗು ಅವುಗಳಲ್ಲಿ ಇರುತ್ತದೆ.

ಬಟ್ಟೆ ಹೊಸದೇ ಆಗಬೇಕು. ಅಜ್ಜನಿಗೆ ಪಂಚೆ, ಅಜ್ಜಿಗೆ ಸೀರೆ, ಅವನಿಗೆ ಅವನು ತೊಡುತ್ತಿದ್ದದ್ದು: ಜೀನ್ಸ್, ಟೀಶರ್ಟ್, ಏನಾದರೂ ಸರಿ. ಅಂಗಡಿಯ ಚೀಟಿ ಕಿತ್ತು, ಒಂದು ಮೂಲೆಗೆ ಅರಿಶಿನ ಹಚ್ಚಿ, ಮಡಿಸಿ ತಟ್ಟೆಯಲ್ಲಿಡಿ. ಅಳತೆ ಯಾವುದು ಎಂಬ ಪ್ರಶ್ನೆ ಬರುತ್ತದೆ. ಹದಿನಾಲ್ಕಕ್ಕೆ ಹೋದ ಮಗನಿಗೆ ಆರು ವರ್ಷದ ಮೇಲೂ ಅದೇ ಅಳತೆ ತರುವವರಿದ್ದಾರೆ, ಇಪ್ಪತ್ತರ ಅಳತೆ ತರುವವರೂ ಇದ್ದಾರೆ. ಎರಡೂ ತಪ್ಪಲ್ಲ. ಆದರೆ ಎಡೆಗಿಟ್ಟ ಬಟ್ಟೆಯನ್ನು ಬೀರುವಿನಲ್ಲಿ ಮುಚ್ಚಿಡಬೇಡಿ. ಅದು ಮನೆಯವರೇ ತೊಡಬೇಕಾದ ಬಟ್ಟೆ. ತಮ್ಮನೋ ಚಿಕ್ಕಪ್ಪನ ಮಗನೋ ಯಾರಿಗೆ ಆಗುತ್ತದೋ ಅವರು ಅವತ್ತೇ ಹಾಕಿಕೊಳ್ಳಲಿ.

ಈಗ ಕಜ್ಜಾಯ. ಅದಿಲ್ಲದೆ ಎಡೆ ಇಲ್ಲ, ಪರದೇಶದಲ್ಲಿ ಕೈಕೊಡುವುದೂ ಅದೇ. ಪ್ಯಾಕೆಟ್ ಅಕ್ಕಿಹಿಟ್ಟು ಒಣಗಿರುವುದರಿಂದ ಪಾಕವನ್ನೆಲ್ಲ ಹೀರಿಕೊಂಡು ಕಲ್ಲಾಗುತ್ತದೆ; ಅದರಲ್ಲಿ ಮಾಡಲೇಬೇಡಿ. ಅರ್ಧ ಕಿಲೋ ಸೋನಾ ಮಸೂರಿ ಅಕ್ಕಿಯನ್ನು ಹಬ್ಬಕ್ಕೆ ಮೂರು ದಿನ ಮುಂಚೆ ರಾತ್ರಿ ನೆನೆಹಾಕಿ. ಬಾಸ್ಮತಿಯೂ ಬೇಡ, ಕುಸುಬಲಕ್ಕಿಯೂ ಬೇಡ. ಬೆಳಿಗ್ಗೆ ಬಸಿದು ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಹೀಟರ್ ಓಡುವ ಮನೆಯಲ್ಲಿ ಊರಿಗಿಂತ ಬೇಗ ಆರುತ್ತದೆ, ಇಪ್ಪತ್ತು ನಿಮಿಷಕ್ಕೇ ಕೈಯಿಟ್ಟು ನೋಡಿ. ಒಂದು ಹಿಡಿ ಒತ್ತಿ ಬಿಟ್ಟರೆ ನಾಲ್ಕಾರು ಕಾಳು ಅಂಗೈಗೆ ಅಂಟಿರಬೇಕು, ಅಂಗೈ ಒದ್ದೆಯಾಗಬಾರದು. ಮಿಕ್ಸಿಗೆ ಸ್ವಲ್ಪಸ್ವಲ್ಪವೇ ಹಾಕಿ. ಜಾರ್ ಬಿಸಿಯಾದರೆ ಹಿಟ್ಟಿನ ಪಸೆ ಹೋಗುತ್ತದೆ. ಜರಡಿ ಹಿಡಿದ ಹಿಟ್ಟನ್ನು ಅದುಮಿ ಮುಚ್ಚಿಡಿ, ಒಂದು ಹಿಡಿ ಬೇರೆ ತೆಗೆದು ಫ್ರಿಜ್ಜಿನಲ್ಲಿಡಿ.

375 ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆ ನಿಲ್ಲಬೇಕು. ಹರಡಿದರೆ ಎಳಸು, ಬಟ್ಟಲಿಗೆ ತಾಗಿ ಟಣ್ ಅಂದರೆ ಮೀರಿತು. ಉಂಡೆ ಬಂದ ಕೂಡಲೇ ಒಲೆ ಆರಿಸಿ, ಏಲಕ್ಕಿ, ಎರಡು ಚಮಚ ಎಳ್ಳು, ಆಮೇಲೆ ಹಿಟ್ಟು ಸುರಿಯುತ್ತ ತಿರುವಿ. ಗಸಗಸೆ ಹಾಕುವ ರೂಢಿಯಿದ್ದರೂ ಸಿಂಗಾಪುರಕ್ಕೂ ದುಬೈಗೂ ಅದನ್ನು ಒಯ್ಯಬೇಡಿ, ಅಲ್ಲಿ ಗಸಗಸೆಗೆ ನಿಷೇಧವಿದೆ. ಹಿಟ್ಟು ಆಗ ಸಡಿಲವಾಗಿಯೇ ಇರಬೇಕು, ತುಪ್ಪ ಸವರಿ ಒಂದು ದಿನ ಬಿಟ್ಟರೆ ತಾನಾಗಿ ಬಿಗಿಯುತ್ತದೆ. ಮರುದಿನ ನಿಂಬೆಗಾತ್ರದ ಉಂಡೆ ತಟ್ಟಿ, ಸಣ್ಣ ಉರಿಯಲ್ಲಿ ಮೊದಲು ಒಂದನ್ನೇ ಬಿಟ್ಟು ನೋಡಿ. ಅದು ತಳಕ್ಕಿಳಿದು, ಅಂಚಿನ ಸುತ್ತ ಸಣ್ಣ ಗುಳ್ಳೆ ಕಟ್ಟಿಕೊಂಡು, ನಿಧಾನಕ್ಕೆ ಮೇಲೆ ತೇಲಿ ಬರುತ್ತದೆ. ಬರುವಾಗಲೇ ಪುಡಿಪುಡಿಯಾಗಿ ಎಣ್ಣೆಯಲ್ಲಿ ಚೆದುರಿದರೆ ಪಾಕ ಎಳಸು. ತೆಗೆದಿಟ್ಟ ಹಿಡಿ ಹಿಟ್ಟನ್ನು ಸೇರಿಸಿ ನಾದಿ. ಗಟ್ಟಿಯಾದರೆ ಪಾಕ ಏರಿದೆ. ಒಂದೆರಡು ಚಮಚ ಬೆಚ್ಚನೆ ಹಾಲು ಚಿಮುಕಿಸಿ ನಾದಿ, ಆದರೆ ಹಾಲು ಬಿದ್ದ ಕಜ್ಜಾಯ ಬಹಳ ದಿನ ಇರುವುದಿಲ್ಲ. ತೆಗೆದ ತಕ್ಷಣ ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸಿ.

ಎಡೆಗೆ ಮೊದಲು ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ರುಚಿ ನೋಡಿಯೇ ಉಪ್ಪು ಹಾಕುವ ಕೈಗೆ ಇದು ಕಷ್ಟ, ಅದರಲ್ಲೂ ಇಲ್ಲಿಯ ಪುಡಿ ಉಪ್ಪಿನ ಅಂದಾಜು ಊರಿನ ಕಲ್ಲುಪ್ಪಿನದಲ್ಲ. ಒಂದು ವಾರ ಮುಂಚೆ ಅದೇ ಪಾತ್ರೆಯಲ್ಲಿ, ಅದೇ ಅಳತೆಗೆ ಕೋಳಿಸಾರು ಮಾಡಿ, ಎಷ್ಟು ಚಮಚ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ.

ಹಿರಿಯರ ಎಲೆಗೆ ಮುದ್ದೆ, ಸಾರು, ವಡೆ, ಪಾಯಸ. ಅವನ ಎಲೆಗೆ ಅವನದು. ಮ್ಯಾಗಿ ಇಷ್ಟವಿದ್ದರೆ ಮ್ಯಾಗಿ, ಪಿಜ್ಜಾ ಇಷ್ಟವಿದ್ದರೆ ಪಿಜ್ಜಾ. ಇದರಲ್ಲಿ ಸಂಕೋಚ ಬೇಡ. ಅಜ್ಜನ ಎಲೆಯ ಪಕ್ಕ ಬೀಡಿ ಕಟ್ಟು ಇಡುವ ಹಬ್ಬವಿದು. ಬಾಟಲಿಯ ಮುಚ್ಚಳ, ಪೊಟ್ಟಣದ ಬಾಯಿ ತೆರೆದಿಡಿ. ಅವನು ತಿನ್ನುತ್ತಿದ್ದ ಹಾಗೆಯೇ ಬಡಿಸಿ: ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಿದ್ದನೋ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದನೋ, ತಾಯಿಗೆ ಗೊತ್ತಿರುತ್ತದೆ. ಬಾಳೆಎಲೆ ಏಷ್ಯಾ ಅಂಗಡಿಗಳಲ್ಲಿ ಫ್ರೀಜರಿನಲ್ಲಿ ಸಿಗುತ್ತದೆ. ಹಾಗೇ ಬಿಡಿಸಿದರೆ ಸೀಳುತ್ತದೆ. ಎರಡು ಗಂಟೆ ಹೊರಗಿಟ್ಟು, ಒಲೆಯ ಮೇಲೆ ಒಮ್ಮೆ ಆಡಿಸಿ, ಬಣ್ಣ ಹೊಳೆದ ಮೇಲೆ ಬಿಡಿಸಿ.

ಧೂಪದ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಾಂ ಕೂಗಿದರೆ ಇಡೀ ಕಟ್ಟಡ ಕೆಳಗಿಳಿಯಬೇಕಾಗುತ್ತದೆ. ಹಾಗೆಂದು ಅಲಾರಾಮಿಗೆ ಪ್ಲಾಸ್ಟಿಕ್ ಕಟ್ಟಬೇಡಿ. ಮುಚ್ಚಿದ ಮನೆಯಲ್ಲಿ ಕೆಂಡವೂ ಬೇಡ, ಅದರ ವಿಷಗಾಳಿಗೆ ವಾಸನೆಯಿಲ್ಲ. ಕಿಟಕಿ ತೆರೆದು, ಸಣ್ಣದೊಂದು ಸಾಂಬ್ರಾಣಿ ಬಟ್ಟಲು ಹಚ್ಚಿ, ಎಡೆಗೆ ಮೂರು ಸಲ ಸುತ್ತಿಸಿ ಆರಿಸಿದರೆ ಸಾಕು. ದೀಪವನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ, ಪರದೆಗಳಿಂದ ದೂರ ಇಡಿ. ಹಲವು ಮನೆಗಳಲ್ಲಿ ಹೆತ್ತವರು ಮಗನ ಪಟಕ್ಕೆ ಅಡ್ಡಬೀಳುವುದಿಲ್ಲ. ಅವನಿಗಿಂತ ಚಿಕ್ಕವರು ಬೀಳುತ್ತಾರೆ, ತಂದೆ ತಾಯಿ ಹೂವು ಇಟ್ಟು ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಗಂಟಲು ಕಟ್ಟಿದರೂ ಆ ಹೆಸರನ್ನು ಜೋರಾಗಿಯೇ ಕರೆಯಿರಿ. ವರ್ಷವಿಡೀ ಎಲ್ಲರೂ ಅದನ್ನು ಮೆತ್ತಗೆ ಹೇಳಿರುತ್ತಾರೆ.

ಆಮೇಲೆ ಎಲ್ಲರೂ ಹೊರಗೆ. ತಾನಾಗಿ ಬೀಗ ಬೀಳುವ ಬಾಗಿಲುಗಳಿವೆ, ಕೀಲಿ ಕೈಯಲ್ಲಿರಲಿ. ಒಳಗೆ ದೀಪ ಉರಿಯುತ್ತಿರುವುದರಿಂದ ಬಾಗಿಲ ಬಳಿಯೇ ಐದು ನಿಮಿಷ ನಿಂತು, ಕೆಮ್ಮಿ, ಮೂರು ಸಲ ತಟ್ಟಿ ಒಳಗೆ ಹೋಗಿ. ಕಾಗೆಗೆ ಇಡುವುದು ಒಂದು ಹಿಡಿ ಅನ್ನವಷ್ಟೇ ಸಾಕು. ಅರ್ಧ ಗಂಟೆಯಲ್ಲಿ ಯಾವ ಹಕ್ಕಿಯೂ ಬರದಿದ್ದರೆ ತೆಗೆದುಬಿಡಿ, ಇಲಿ ಬರುತ್ತದೆಂದು ನೆರೆಯವರು ದೂರುತ್ತಾರೆ. ಕಾಗೆ ಮುಟ್ಟಲಿಲ್ಲ ಎಂದು ತಾಯಿ ಕೊರಗುವಂತೆ ಯಾರೂ ಮಾತಾಡಬಾರದು. ಅಲ್ಲಿಯ ಕಾಗೆಗೆ ನಮ್ಮ ಅನ್ನ ಗೊತ್ತಿಲ್ಲ.

ಅವನ ಎಲೆಯ ಮುಂದೆ ಅವನ ವಯಸ್ಸಿನವರನ್ನು ಕೂರಿಸಿ ಉಣ್ಣಿಸಿ. ಉಳಿದ ಕಜ್ಜಾಯ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಫ್ರಿಜ್ಜಿನಲ್ಲಿಟ್ಟರೆ ಬಿರುಸಾಗುತ್ತದೆ, ಹೊರಗೆ ಹತ್ತು ದಿನ ಚೆನ್ನಾಗಿರುತ್ತದೆ. ದೂರದ ಊರುಗಳಲ್ಲಿರುವ ಅವನ ಗೆಳೆಯರಿಗೆ ಎಂಟೆಂಟು ಕಜ್ಜಾಯ, ನಡುನಡುವೆ ಬೆಣ್ಣೆಕಾಗದ ಇಟ್ಟು, ಅಂಚೆಯಲ್ಲಿ ಕಳಿಸಿ. ಕಳಿಸಿದವರ ಹೆಸರಿನ ಕೆಳಗೆ ಅವನ ಹೆಸರನ್ನೂ ಬರೆಯಿರಿ.