2024 ಜೂನ್ 11, ಮಂಗಳವಾರ: ಅಪ್ಪ ತಂದ ಕಾಗದ

ಸಂಜೆ ಅಪ್ಪ ಪೀಣ್ಯದಿಂದ ಬಂದವನು ಕೈಕಾಲೂ ತೊಳೆಯದೆ ಊಟದ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟ. ನಾಲ್ಕು ಮಡಿಕೆ, ಮೂಲೆಯಲ್ಲಿ ಸಾರಿನ ಕಲೆ. "ಇಂಗ್ಲಿಷಲ್ಲಿದೆ. ಶುಕ್ರವಾರದೊಳಗೆ ಸಹಿ ಹಾಕ್ಬೇಕಂತೆ, ನೋಡು ಪುಟ್ಟಿ."

ಓದಿದೆ. ಕಾರ್ಖಾನೆಯನ್ನು ಬೇರೆ ಕಂಪನಿಗೆ ಮಾರಿದ್ದಾರೆ. ಜುಲೈ 1ರಿಂದ ಹೊಸ ಮಾಲೀಕರು. ಎಲ್ಲರೂ ರಾಜೀನಾಮೆ ಕೊಟ್ಟು, ಅವರ ಹತ್ತಿರ ಹೊಸದಾಗಿ ಸೇರಬೇಕು. ಸಂಬಳ ಅದೇ 26,000.

"ಕೆಲಸ ಉಳಿಯುತ್ತಲ್ಲ, ಹಾಕ್ತೀನಿ ಬಿಡು" ಎಂದ.

ನನಗೆ ಎದೆ ಧಸಕ್ಕೆಂದಿತು. ಆಡಿಟರ್ ಆಫೀಸಿನಲ್ಲಿ ದಿನಾ ಬೇರೆಯವರ ಸಂಬಳದ ಲೆಕ್ಕ ಬರೆಯುತ್ತೇನೆ. ಇವತ್ತು ಕ್ಯಾಲೆಂಡರಿನ ಹಿಂದೆ ಅಪ್ಪನ ಲೆಕ್ಕ ಬರೆದೆ. ಲೇತ್ ಮುಂದೆ 19 ವರ್ಷ. ಕಾರ್ಖಾನೆ ಕೈ ಬದಲಾಗಿ ಕೆಲಸ ಹೋದರೆ ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಕಲಂ. 1957ರಲ್ಲಿ ಈಗಿನ ರೂಪಕ್ಕೆ ಬಂದದ್ದು, ಅಪ್ಪ ಆಗಿನ್ನೂ ಹುಟ್ಟಿರಲೇ ಇಲ್ಲ. ಅದನ್ನು ಕೊಡದೆ ಇರಬೇಕಾದರೆ ಸೇವೆ ತುಂಡಾಗಬಾರದು, ಷರತ್ತುಗಳು ಮೊದಲಿಗಿಂತ ಕೆಡಬಾರದು, ಮುಂದೆ ಕೆಲಸದಿಂದ ತೆಗೆದರೆ ಹಳೆಯ ವರ್ಷಗಳನ್ನೂ ಸೇರಿಸಿ ಹೊಸ ಮಾಲೀಕರೇ ಪರಿಹಾರ ಕೊಡಬೇಕು. ಈ ಮೂರೂ ಇರಬೇಕು.

"ಮುಂದಿನ ವರ್ಷ ಅವರು ನಿನ್ನ ಕಳಿಸಿಬಿಟ್ರೆ? 20 ವರ್ಷಕ್ಕೆ ಎರಡು ಲಕ್ಷದ ಅರವತ್ತು ಸಾವಿರ ಬರ್ಬೇಕು. ರಾಜೀನಾಮೆ ಕೊಟ್ಟು ಸೇರಿದ್ರೆ ಒಂದೇ ವರ್ಷ ಲೆಕ್ಕ. 13,000."

ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ, ಹೇಗೂ ಬರುತ್ತದೆ, ಅದು ಬೇರೆ. ಅದನ್ನೇ ತೋರಿಸಿ ಕಂಪನಿಯವರು "ದುಡ್ಡು ಕೊಡ್ತಿದ್ದೀವಲ್ಲ" ಅಂದಿದ್ದಾರಂತೆ.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಲೇತ್ ಅದೇ, ಶೆಡ್ಡು ಅದೇ. ನಾನು ಎಲ್ಲಿಗೂ ಹೋಗ್ತಾ ಇಲ್ವಲ್ಲ. ಮಾರ್ಕೊಂಡು ಹೋಗ್ತಿರೋರು ಅವ್ರು. ರಾಜೀನಾಮೆ ನಾನ್ಯಾಕೆ ಕೊಡ್ಬೇಕು?"

ಅಷ್ಟೇ ಅಲ್ವಾ ವಿಷಯ? ನಾನು ಅರ್ಧ ಗಂಟೆ ಹೇಳಿದ್ದನ್ನು ಅವನು ಒಂದೇ ಮಾತಲ್ಲಿ ಹೇಳಿದ. ಒಪ್ಪಿಗೆ ಇಲ್ಲದೆ ಕಾರ್ಮಿಕರನ್ನು ಹೊಸ ಮಾಲೀಕರ ಕೈಗೆ ದಾಟಿಸುವಂತಿಲ್ಲ, ಒಪ್ಪದಿದ್ದರೆ ಪರಿಹಾರ ಕೊಡಬೇಕು ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಾಮಾನು ಸರಂಜಾಮಿನ ಪಟ್ಟಿಯಲ್ಲಿ ಮನುಷ್ಯರು ಬರುವುದಿಲ್ಲ.

ಅಮ್ಮ ಮುದ್ದೆ ಆರಿಹೋಗುತ್ತೆ ಅಂತ ಎರಡು ಸಲ ಕರೆದಳು.

ಸೇವೆ ಮುಂದುವರಿಯುತ್ತದೆ ಎಂದು ಬರೆದುಕೊಟ್ಟರೆ ಮಾತ್ರ ಸಹಿ. ಇಲ್ಲದಿದ್ದರೆ ಡೇರಿ ಸರ್ಕಲ್ ಹತ್ತಿರ ಕಾರ್ಮಿಕ ಇಲಾಖೆಯ ಕಚೇರಿ ಇರುವ ಕಾರ್ಮಿಕ ಭವನಕ್ಕೆ ಹೋಗೋಣ ಎಂದೆ. ಒಬ್ಬನೇ ಹೋದರೆ ಏನಾಗುತ್ತೆ ಎಂಬ ಭಯ ಅವನಿಗೆ. ಅದೇ ಕಾರ್ಖಾನೆಯ ಗ್ರೈಂಡಿಂಗ್ ವಿಭಾಗದ ತಿಪಟೂರು ಅಂಕಲ್‌ಗೆ ಫೋನ್ ಮಾಡಿಸಿದೆ. ಅವರದು 23 ವರ್ಷ. ರಿಂಗಾಯಿತು, ಎತ್ತಲಿಲ್ಲ. ಸೆಕೆಂಡ್ ಶಿಫ್ಟು, ಹತ್ತೂವರೆಗೆ ಬಿಡುವುದು.

ಈಗ ಹತ್ತು ಇಪ್ಪತ್ತು. ಅಪ್ಪ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾನೆ. ಅವರು ಮಧ್ಯಾಹ್ನವೇ ಸಹಿ ಹಾಕಿ ಕೊಟ್ಟುಬಿಟ್ಟಿದ್ದರೆ...